ಸಭೆಗೆ ಮುಂಚಿನ ಏಳು ದಿನ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್ ನಿಮಗೆಲ್ಲ ಗೊತ್ತಿರುವ ಜಾಗ. ಹ್ಯಾಂಡ್‌ಪೋಸ್ಟ್ ಅಂದ್ರೆ ನಮ್ಮ ಮಾತಲ್ಲಿ ಕೈಮರ. ಯಾವ ದಾರಿ ಎಲ್ಲಿಗೆ ಹೋಗುತ್ತೆ ಅಂತ ಹೊರಡೋಕೆ ಮುಂಚೆ ಹೇಳೋದು ಅದರ ಕೆಲಸ. ಪಂಚಾಯಿತಿ ಸಭೆಗೂ ಇಂಥದ್ದೊಂದು ಕೈಮರ ಇದೆ, ಅದೇ ಸಭಾ ಸೂಚನಾ ಪತ್ರ. ಇವತ್ತು ಅದರ ಇತಿಹಾಸ ಹೇಳ್ತೀನಿ.

ಕಥೆ ಮೈಸೂರಿನಿಂದಲೇ ಶುರು. 1881ರ ಅಕ್ಟೋಬರ್‌ನಲ್ಲಿ, ದಿವಾನ್ ರಂಗಾಚಾರ್ಲು ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಸದಸ್ಯರು 144 ಮಂದಿ. ದಿವಾನರು ಹಿಂದಿನ ವರ್ಷದ ಆದಾಯ, ಖರ್ಚು, ಕಾಮಗಾರಿಗಳ ವರದಿ ಓದೋರು. ಬಂದ ರೈತರು, ವರ್ತಕರು ತಮ್ಮ ಸೀಮೆಯ ಕಷ್ಟ ಹೇಳೋರು. ಕೇಳೋದಕ್ಕೆ, ಹೇಳೋದಕ್ಕೆ ಅವಕಾಶ ಇತ್ತು, ತೀರ್ಮಾನ ಮಾತ್ರ ಸರ್ಕಾರದ್ದು. ಆ ಸಭೆಗೆ ಕಾನೂನಿನ ಸ್ಥಾನ ಸಿಗೋಕೆ 1923ರವರೆಗೂ ಕಾಯಬೇಕಾಯಿತು.

ತೀರ್ಮಾನದ ಅಧಿಕಾರವನ್ನ ಹಳ್ಳಿಗೆ ತರೋ ದೊಡ್ಡ ಪ್ರಯತ್ನ ಆಗಿದ್ದು 1983ರ ಕಾಯ್ದೆಯಿಂದ. ಅದರ ಹಿಂದಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ಜನರ ಬಾಯಲ್ಲಿ ನೀರ್ ಸಾಬ್. ಮಂಡಲ ಪಂಚಾಯಿತಿಗಳು ಬಂದವು, ಗ್ರಾಮಸಭೆಗೆ ಕಾನೂನಿನ ಬಲ ಬಂತು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, ಅದರ ಬೆನ್ನಿಗೇ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ.

ಆ ಕಾಯ್ದೆಯಲ್ಲಿ ಒಂದು ಸಣ್ಣ ಸಾಲಿದೆ. ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಪೂರ್ಣ ಏಳು ದಿನ, ವಿಶೇಷ ಸಭೆಗೆ ಪೂರ್ಣ ಮೂರು ದಿನ ಮುಂಚೆ ನೋಟಿಸ್ ಕೊಡಬೇಕು. ಏನೇನು ವಿಷಯ ಚರ್ಚೆಗೆ ಬರುತ್ತೆ ಅಂತ ಅದರಲ್ಲಿ ಇರಬೇಕು. ಸದಸ್ಯರಿಗೆ ಕಳಿಸಿದರೆ ಸಾಲದು, ಕಚೇರಿಯಲ್ಲೂ ಅಂಟಿಸಬೇಕು. ‘ಪೂರ್ಣ’ ಅನ್ನೋ ಪದ ಗಮನಿಸಿ. ನೋಟಿಸ್ ಕೊಟ್ಟ ದಿನ, ಸಭೆ ನಡೆಯೋ ದಿನ, ಎರಡೂ ಲೆಕ್ಕಕ್ಕಿಲ್ಲ. ಒಂದನೇ ತಾರೀಖು ಕೊಟ್ಟರೆ ಸಭೆ ಒಂಬತ್ತಕ್ಕೆ ಮುಂಚೆ ಆಗೋ ಹಾಗಿಲ್ಲ.

ಯಾಕೆ ಇಷ್ಟು ಬಿಗಿ? ನನ್ನ ಪ್ರಕಾರ, ಜನರ ಕೆಲಸ ನಡೆಯೋದೇ ಆ ಏಳು ದಿನದಲ್ಲಿ. ಚರಂಡಿ ಯಾವ ಬೀದಿಗೆ, ಮನೆ ಯಾರಿಗೆ ಅಂತ ಮುಂಚೆ ತಿಳಿದರೆ ಸದಸ್ಯರ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಸಭೆ ಮುಗಿದ ಮೇಲೆ ತಿಳಿದರೆ ಉಳಿಯೋದು ಅರ್ಜಿ, ಅಪೀಲು, ಅಲೆದಾಟ.

ಬೇರೆ ದೇಶಗಳೂ ಇದನ್ನ ಕಷ್ಟಪಟ್ಟೇ ಕಲಿತವು. ಬ್ರಿಟನ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಸಭೆಗೆ ಜನರ ಪ್ರವೇಶ, ಪತ್ರಿಕೆಗಳಿಗೆ ಅಜೆಂಡಾ ಕೊಡೋ ನಿಯಮ 1960ರ ಕಾಯ್ದೆಯಲ್ಲಿ ಬಂತು. ಅದನ್ನ ಮಂಡಿಸಿದ್ದು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೇಟ್ ಥ್ಯಾಚರ್. ಕ್ಯಾಲಿಫೋರ್ನಿಯಾದಲ್ಲಿ 72 ಗಂಟೆ ಮುಂಚೆ ಅಜೆಂಡಾ ಅಂಟಿಸಬೇಕು. ಅದರಲ್ಲಿ ಇಲ್ಲದ ವಿಷಯದ ಮೇಲೆ, ತುರ್ತು ಇತ್ಯಾದಿ ಕೆಲವೇ ಸಂದರ್ಭ ಬಿಟ್ಟರೆ, ತೀರ್ಮಾನ ಮಾಡೋ ಹಾಗಿಲ್ಲ.

ನಮ್ಮಲ್ಲಿ? ಅಜೆಂಡಾದ ಕೊನೇ ಸಾಲು ನಿಮಗೆ ಬಾಯಿಪಾಠ: ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’. ಮೇಲಿನ ಹತ್ತು ವಿಷಯ ಗೋಡೆಗೆ ಅಂಟಿಸಿ, ಹನ್ನೊಂದನೆಯದನ್ನ ಈ ‘ಇತರೆ’ಯೊಳಗೆ ಇಟ್ಟರೆ ಏಳು ದಿನದ ನಿಯಮಕ್ಕೆ ಏನರ್ಥ?

ಈ ಪ್ರಶ್ನೆ ಕೋಟೆ ತಾಲ್ಲೂಕಿನಲ್ಲಿ ಇನ್ನೂ ಚುರುಕು. ಇಲ್ಲಿ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಿವೆ. ಅವರಲ್ಲಿ ಎಷ್ಟೋ ಜನ ಕೂಲಿಗೆ ಕೊಡಗಿನ ಕಾಫಿ ತೋಟಕ್ಕೆ ಹೋಗ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಭೂಮಿಯ ಹಕ್ಕಿನ ಅರ್ಜಿ ಮೊದಲು ಬರೋದು ಗ್ರಾಮಸಭೆ ಮುಂದೆ. 2012ರ ತಿದ್ದುಪಡಿ ನಿಯಮದ ಪ್ರಕಾರ ಆ ಸಭೆಗೆ ಅರ್ಧದಷ್ಟು ಸದಸ್ಯರಾದರೂ ಇರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ತೋಟದಲ್ಲಿ ಇರೋರಿಗೆ ಸಭೆಯ ದಿನ ತಲುಪದಿದ್ದರೆ ಕೋರಂ ಎಲ್ಲಿಂದ ಬರಬೇಕು? ಕಚೇರಿ ಗೋಡೆಯ ಕಾಗದ ಅಲ್ಲಿಗೆ ನಡೆದು ಹೋಗಲ್ಲ. ಡಂಗುರ, ಮೈಕು, ಫೋನು, ಯಾವುದಾದರೂ ಒಂದು ಹೋಗಬೇಕು.

ನಾವು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಪಂಚಾಯಿತಿ ಕಡೆ ಹೋದಾಗ ಫಲಕ ನೋಡಿ, ದಿನ ಎಣಿಸಿ. ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯಾ, ನಡವಳಿ ಸಿಗುತ್ತಾ ಅಂತ ಕಚೇರಿ ತಾನಾಗೇ ಪ್ರಕಟಿಸಬೇಕು ಅನ್ನುತ್ತೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್. ಪ್ರಕಟಿಸಿಲ್ಲವಾ? ಕೇಳಿ. ‘ಇತರೆ’ಯಲ್ಲಿ ಏನು ಬಂತು ಅಂತಲೂ ಕೇಳಿ.