ನೂರು ಮೈಲಿಯ ನಡೆ

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಲ್ಲಾಗಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ಜಾತ್ರೆಯಲ್ಲಾಗಲಿ, ಹಳ್ಳಿಕಾರ್ ಜೋಡಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಆಮೇಲೆ ನಡೆಸಿ ನೋಡುತ್ತಾರೆ. ಹಾಸನ, ಹೊಳೆನರಸೀಪುರ ಸೀಮೆಯ ಎತ್ತಿನ ಈ ನಡೆಯನ್ನು ನಾವು ಸಾಮಾನ್ಯವಾಗಿ ತಳಿಯ ಲೆಕ್ಕಕ್ಕೆ ಸೇರಿಸುತ್ತೇವೆ, ಇಲ್ಲವೇ ಬಾರುಕೋಲಿನ ಲೆಕ್ಕಕ್ಕೆ. ಎರಡೂ ಅರ್ಧ ಸತ್ಯ. ನಡೆ ಮೊದಲು ಮೊಳೆಯುವುದು ಮಿದುಳಿನಲ್ಲಿ, ಅದನ್ನು ಹದಕ್ಕೆ ತಂದದ್ದು ಹಳೆಯ ಕಾವಲುಗಳ, ಅಂದರೆ ದನ ಮೇಯಲು ಕಾದಿಟ್ಟ ಹುಲ್ಲುಗಾವಲುಗಳ ಸಾಕಣೆ ಎಂಬುದು ನನ್ನ ವಾದ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಅರಮನೆಯ ದನದ ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹೈದರನ ದಂಡು ಚಿದಂಬರಂ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಹಳ್ಳಿಕಾರ್ ಬಳಗದ ಈ ಎತ್ತುಗಳ ಬಲದಿಂದಲೇ ಎಂದು ಬರೆದಿಟ್ಟಿದ್ದಾರೆ. ಹಾಸನ ಜಿಲ್ಲೆಯಲ್ಲೂ ಇದ್ದ ಕಾವಲುಗಳನ್ನು ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ವಿಂಗಡಿಸಿದ್ದರು. ಕರುಗಳು ಅಲ್ಲಿ ಅರೆಕಾಡಿನ ಪ್ರಾಣಿಗಳಂತೆ ಅಲೆದು ಬೆಳೆಯುತ್ತಿದ್ದವು. ಸುಮಾರು ನಾಲ್ಕು ವರ್ಷಕ್ಕೆ ಹಿಡಿದು ಪಳಗಿಸಲು ತೊಡಗಿದರೆ, ಪೂರ್ಣ ದುಡಿಮೆಗೆ ಹಚ್ಚುತ್ತಿದ್ದುದು ಏಳರ ಸುಮಾರಿಗೆ. 1860ರಲ್ಲಿ ಖರ್ಚು ಉಳಿಸಲೆಂದು ಬ್ರಿಟಿಷ್ ಸರ್ಕಾರ ಮಂದೆಗಳನ್ನು ಮಾರಿಬಿಟ್ಟಿತು. ಸೈನ್ಯಕ್ಕೆ ತಕ್ಕ ಎತ್ತು ಸಿಗದಾದಾಗ, 1866ರಲ್ಲಿ ಇಲಾಖೆಯನ್ನೇ ಮತ್ತೆ ಕಟ್ಟಬೇಕಾಯಿತು.

ಇದು ತಳಿಯ ಮಹಿಮೆಯನ್ನಷ್ಟೇ ಹೇಳುತ್ತದೆ ಎನ್ನಬಹುದು. ತಳಿ ಕೊಡುವುದು ಕಾಲು, ಗೊರಸು, ಚುರುಕು. ಆ ಚುರುಕು ಯಾವಾಗ ನಡೆಯಾಗುತ್ತದೆ, ಯಾವಾಗ ಗಾಬರಿಯಾಗುತ್ತದೆ ಎಂಬುದು ಬೇರೆ ಪ್ರಶ್ನೆ. 1973ರಲ್ಲಿ ಕ್ಯಾರವೇ ಮತ್ತು ಲೀಮನ್ ದನದ ಮಿದುಳಿನಿಂದಲೇ ನ್ಯೂರೋಟೆನ್ಸಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿದರು. ಇಲಿಯ ನಡುಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೋಶಗಳಿರುವೆಡೆ ಅದನ್ನು ಹಾಕಿದರೆ ಡೋಪಮೈನ್ ಬಿಡುಗಡೆ ಹೆಚ್ಚುತ್ತದೆ, ಇಲಿಯ ಓಡಾಟ ಜೋರಾಗುತ್ತದೆ. ಆ ಕೋಶಗಳ ಎಳೆಗಳು ಹೋಗಿ ಮುಟ್ಟುವ ಅಕಂಬೆನ್ಸ್ ಎಂಬ ಭಾಗಕ್ಕೆ ಹಾಕಿದರೆ, ಡೋಪಮೈನ್ ಎಬ್ಬಿಸಿದ ಓಡಾಟವನ್ನು ಅದೇ ಪೆಪ್ಟೈಡ್ ತಗ್ಗಿಸುತ್ತದೆ. ವಸ್ತು ಒಂದೇ, ತಾಣ ಬದಲಾದರೆ ಫಲ ತಿರುವುಮುರುವು. ಇಲಿಯ ಮಾತು ಎತ್ತಿಗೆ ಹೇಗೆ ಸಲ್ಲುತ್ತದೆ? ಅಳತೆ ಸಲ್ಲದಿರಬಹುದು. ಆದರೆ ಪೆಪ್ಟೈಡ್ ಸಿಕ್ಕಿದ್ದೇ ದನದ ಮಿದುಳಿನಲ್ಲಿ. ಚಲನೆಯನ್ನು ಏರಿಸುವ ತಗ್ಗಿಸುವ ಏರ್ಪಾಟು ಒಳಗಿದೆ ಎಂಬ ತತ್ತ್ವವನ್ನಷ್ಟೇ ನಾನು ಅಲ್ಲಿಂದ ತೆಗೆದುಕೊಳ್ಳುತ್ತಿದ್ದೇನೆ.

ಇನ್ನೂ ಗಟ್ಟಿಯಾದ ಆಕ್ಷೇಪ ಬಾರುಕೋಲಿನವರದು: ಪೆಟ್ಟು ಕೂಡ ಡೋಪಮೈನನ್ನು ಕೆರಳಿಸುತ್ತದಲ್ಲ? ನಿಜ. ಇಲಿಯ ಕಾಲಿಗೆ ಸಣ್ಣ ವಿದ್ಯುತ್ ಪೆಟ್ಟು ಬಿದ್ದಾಗಲೂ ಮಿದುಳಿನ ಮುಂಭಾಗದಲ್ಲಿ ಡೋಪಮೈನ್ ಚುರುಕಾಗುತ್ತದೆ. 1931ರಲ್ಲಿ ಕುದುರೆಯ ಮಿದುಳು ಮತ್ತು ಕರುಳಿನಲ್ಲಿ ಮೊದಲು ಸಿಕ್ಕ ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡಿಗೂ ಇದರಲ್ಲಿ ಪಾತ್ರವಿದೆ. ಭಯ ಓಡಿಸಬಲ್ಲದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೆದರಿದ ಎತ್ತು ನಾಲ್ಕು ಹೊಲ ದಾಟಿ ಏದುಸಿರು ಬಿಡುತ್ತದೆ. ನೂರು ಮೈಲಿ ಹಾಗೆ ಸವೆಯದು. ನಾಲ್ಕರಿಂದ ಏಳರವರೆಗೆ ಕಾವಲಿನ ಎತ್ತಿಗೆ ಪಳಗಲು ಕೊಡುತ್ತಿದ್ದ ಮೂರು ವರ್ಷವನ್ನು ಲೆಕ್ಕಕ್ಕೆ ಹಿಡಿಯದೆ ಚಿದಂಬರಂ ದಾರಿಯ ವೇಗವನ್ನು ವಿವರಿಸಲು ಬರುವುದಿಲ್ಲ.