ಸೊಕ್ಕು ಯಾರಿಗಿತ್ತು? (ನಮ್ಮೂರ ಚರಿತ್ರೆ, ಭಾಗ 6)

ಮೊದಲನೇ ಫೋಟೋ ಹುಮನಾಬಾದ್‌ನ ವೀರಭದ್ರೇಶ್ವರ ಗುಡಿ. ಎರಡನೇದು ಬಸವಕಲ್ಯಾಣದ ಕೋಟೆ. ಎರಡೂ ಊರಾಗ ಹಿರಿಯರು ಹೇಳೋ ಕಥಿ ಒಂದೇ ಥರ ಅದ: ಸೊಕ್ಕು ಬಂದವನ ಗತಿ ಏನಾಯ್ತು ನೋಡು!

ಮೊದಲು ಹುಮನಾಬಾದ್. ಜನವರಿ ಜಾತ್ರಿಗೆ ಹೋದವರಿಗೆಲ್ಲಾ ವೀರಭದ್ರ ಗೊತ್ತು. ದಕ್ಷ ದೊಡ್ಡ ಯಜ್ಞ ಮಾಡಿದ, ಅಳಿಯ ಶಿವನನ್ನು ಕರೀಲಿಲ್ಲ. ಕರೀದೇ ಬಂದ ಮಗಳು ಸತಿ ಅವಮಾನ ತಾಳದೆ ಪ್ರಾಣ ಬಿಟ್ಟಳು. ಶಿವನ ಜಟೆಯಿಂದ ಹುಟ್ಟಿದ ವೀರಭದ್ರ ಯಜ್ಞ ಕೆಡಿಸಿ ದಕ್ಷನ ತಲೆ ಕಡಿದ. ಆಮೇಲೆ ಅವನಿಗೆ ಸಿಕ್ಕಿದ್ದು ಆಡಿನ ತಲೆ.

ಗ್ರೀಕರು ಇಂಥ ಸೊಕ್ಕಿಗೆ ‘ಹ್ಯೂಬ್ರಿಸ್’ ಅಂತಿದ್ರು. ಅದರ ಬೆನ್ನು ಹತ್ತಿ ಬರೋ ದೇವತೆ ನೆಮೆಸಿಸ್. ನಿಯೋಬೆ ಅನ್ನೋ ರಾಣಿ ತನ್ನ ಮಕ್ಕಳ ಸಂಖ್ಯೆ ಹೇಳಿ, ಇಬ್ಬರೇ ಮಕ್ಕಳಿದ್ದ ಲೀಟೋ ದೇವಿಯನ್ನು ಹೀಯಾಳಿಸಿದಳು. ಆ ಇಬ್ಬರೇ, ಅಪೋಲೋ ಮತ್ತು ಆರ್ಟೆಮಿಸ್, ಬಾಣ ಬಿಟ್ಟು ಅವಳ ಮಕ್ಕಳನ್ನು ಕೊಂದರು.

ಆದ್ರ ಅರಾಕ್ನೆ ಕಥಿ ಬ್ಯಾರೆ. ರೋಮಿನ ಕವಿ ಓವಿಡ್ ಹೇಳೋ ಪ್ರಕಾರ ಅವಳು ಉಣ್ಣಿಗೆ ಬಣ್ಣ ಹಾಕುವವನ ಮಗಳು, ಸಾಮಾನ್ಯ ಮನೆತನ. ನೇಯ್ಗೆಯಲ್ಲಿ ದೇವಿಗೇ ಸವಾಲು ಹಾಕಿದಳು. ದೇವಿಗೆ ಆ ಬಟ್ಟೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಸಿಟ್ಟಿಗೆ ಬಟ್ಟೆ ಹರಿದಳು, ಹುಡುಗಿಯ ಹಣೆಗೆ ಹೊಡೆದಳು, ಕೊನೆಗೆ ಜೇಡ ಮಾಡಿದಳು. ಈಗ ಹೇಳ್ರಿ, ಸೊಕ್ಕು ಯಾರದು?

ಇದೇ ಪ್ರಶ್ನೆ ಇಟ್ಕೊಂಡು ಕಲ್ಯಾಣಕ್ಕ ಬರೋಣ. ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳ 1157ರ ಸುಮಾರಿಗೆ ತಾನೇ ಅಧಿಕಾರ ಹಿಡಿದ. ಶರಣ ಪರಂಪರೆ ಹೇಳುವಂತೆ, ಅವನ ಕಾಲದಲ್ಲಿ ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯ್ತು. ಆಸ್ಥಾನದ ಕಣ್ಣಿಗೆ ಅದು ಮೇರೆ ಮೀರಿದ ಸೊಕ್ಕು. ಬಿಜ್ಜಳ ಆ ಇಬ್ಬರು ತಂದೆಯರ ಕಣ್ಣು ಕೀಳಿಸಿ, ಆನೆ ಕಾಲಿಗೆ ಕಟ್ಟಿ ಎಳೆಸಿದ. ಆಮೇಲೆ ಜಗದೇವ ಮತ್ತವನ ಜೊತೆಗಾರರು ಬಿಜ್ಜಳನನ್ನೇ ಕೊಂದರು. ಪುರಾಣ ಇದನ್ನು ಶಿವದ್ರೋಹಕ್ಕ ಸಿಕ್ಕ ಶಿಕ್ಷೆ ಅಂತ ಹೇಳ್ತದ.

ಆದ್ರ ಜೈನ ಪರಂಪರೆಯ ‘ಬಿಜ್ಜಳರಾಯ ಚರಿತೆ’ ಓದಿದ್ರ ರಾಜ ವಿಷದಿಂದ ಸಾಯ್ತಾನ. ಅಲ್ಲಿ ಅವನು ಸೊಕ್ಕಿನವನಲ್ಲ, ಮೋಸಕ್ಕ ಬಲಿಯಾದವ. ಸತ್ತವ ಒಬ್ಬನೇ, ಕಥಿ ಎರಡು.

ಕಲ್ಯಾಣ ಹಾಳಾಗಿದ್ದು ಶಾಪದಿಂದ ಅಂತ ನಮ್ಮ ಕಡಿ ಈಗಲೂ ಅಂತಾರ. ಚರಿತ್ರೆ ಕೊಡೋ ಕಾರಣ ಬ್ಯಾರೆ. ಬಿಜ್ಜಳನ ನಂತರ ಅವನ ಮಕ್ಕಳು ಹೆಚ್ಚು ಕಾಲ ನಿಲ್ಲಲಿಲ್ಲ. 1180ರ ದಶಕದಲ್ಲಿ ಚಾಲುಕ್ಯ ನಾಲ್ವಡಿ ಸೋಮೇಶ್ವರ ರಾಜ್ಯ ಮರಳಿ ಪಡೆದ. ಅದೂ ಉಳಿಯಲಿಲ್ಲ. ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ರಾಜ್ಯ ಹಂಚಿಕೊಂಡರು. ರಾಜಧಾನಿಯ ವೈಭವ ಹೋಯ್ತು. ಇದಕ್ಕೆಲ್ಲಾ ಮನುಷ್ಯರ ಕೈಯೇ ಸಾಕಿತ್ತು.

ಹಂಗಂತ ಕಥಿ ಸುಳ್ಳು ಅಂತ ಪಕ್ಕಕ್ಕ ಇಡಬ್ಯಾಡ್ರಿ. ಓವಿಡ್ ಕಥಿಯ ಬಡ ಹುಡುಗಿ ಜೇಡ ಆಗೇ ಉಳಿದಳು. ನಮ್ಮಲ್ಲಿ ಚಮ್ಮಾರನ ಕಡೆಯವರು ತಾವೇ ಕಥಿ ಹೇಳಿದರು, ಹಾಡಿದರು. ಹಾಗಾಗಿ ಇಲ್ಲಿ ಸೊಕ್ಕಿನ ಹಣೆಪಟ್ಟಿ ಸಿಂಹಾಸನದ ಮೇಲೆ ಕೂತವನಿಗೆ ಅಂಟಿತು. ಅದಕ್ಕೇ ಎಂಟು ನೂರು ವರ್ಷ ಕಳೆದರೂ ಹರಳಯ್ಯನ ಹೆಸರು ನಮಗೆ ಗೊತ್ತು.

ಈಗಲೂ ನಮ್ಮ ಕಡಿ ಚಲೋ ಅಂಗಿ ಹಾಕ್ಕೊಂಡ ಹುಡುಗಗ, ಕ್ಲಾಸ್‌ನ್ಯಾಗ ಎದ್ದು ಪ್ರಶ್ನೆ ಕೇಳಿದ ಹುಡುಗಿಗ ‘ಸೊಕ್ಕು ಬಂದದ’ ಅಂತಾರ. ನನಗೂ ಅಂದಾರ, ಒಂದಿನ ಪೂರ್ತಿ ಬಾಯಿ ಮುಚ್ಚಿ ಕೂತಿದ್ದೆ. ಮುಂದಿನ ಸಲ ಆ ಮಾತು ಕೇಳಿದಾಗ ಒಂದು ನಿಮಿಷ ನಿಂತು ನೋಡ್ರಿ: ಅನ್ನೋರು ಎಲ್ಲಿ ಕೂತಾರ, ಅನಿಸಿಕೊಂಡವರು ಎಲ್ಲಿ ನಿಂತಾರ?

ನಿಮಗ ಯಾರಾದ್ರೂ ಹಂಗ ಅಂದಿದ್ರ ಕಾಮೆಂಟ್‌ನ್ಯಾಗ ಬರೀರಿ, ಹೆಸರು ಬ್ಯಾಡ. ಭಾಗ 7 ಬರೋ ಭಾನುವಾರ.

#ಬಸವಕಲ್ಯಾಣ #ಹುಮನಾಬಾದ್ #ನಮ್ಮೂರಚರಿತ್ರೆ