ಗೂಡಲೂರಿನ ಹೋಮ್ ನರ್ಸ್ ಮತ್ತು ನಮ್ಮ ಮನೆಯ ಉಮ್ಮ

ಗಂಡುಮಕ್ಕಳು ದುಬೈಯಲ್ಲೋ ದಮಾಮಿನಲ್ಲೋ ಇದ್ದಾರೆ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿದ್ದಾರೆ. ಊರಿನ ದೊಡ್ಡ ಮನೆಯಲ್ಲಿ ಹಾಸಿಗೆ ಹಿಡಿದ ಉಮ್ಮ, ಅವರನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬಂದ ಒಬ್ಬ ಹೋಮ್ ನರ್ಸ್. ನಮ್ಮ ಎಷ್ಟೋ ಬ್ಯಾರಿ ಮನೆಗಳ ಸ್ಥಿತಿ ಈಗ ಇದೇ. ಅವಳು ಎಲ್ಲಿಯವಳು ಎಂದು ಕೇಳಿದರೆ "ಕೇರಳದ ಕಡೆಯವಳು" ಅಥವಾ "ತಮಿಳಿನವಳು" ಎಂಬ ಉತ್ತರ ಸಿಗುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ. ಹೀಗೆ ಬಂದವರಲ್ಲಿ ಕೆಲವರು ನೀಲಗಿರಿ ಜಿಲ್ಲೆಯ ಗೂಡಲೂರು, ಪಂದಲೂರು ಕಡೆಯವರು. ಅವರ ಹಿಂದೆ ಎರಡು ದೇಶಗಳ ಚರಿತ್ರೆ ಇದೆ. ಅದನ್ನು ನಮ್ಮ ಮನೆಯವರು ತಿಳಿದುಕೊಳ್ಳಬೇಕು ಎಂದು ಈ ಲೇಖನ.

ನಾನು ಬೆಳೆದದ್ದು ಗೂಡಲೂರಿನಲ್ಲಿ. ಬಾಪ ಅಲ್ಲಿನ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಮೈಸೂರು, ಊಟಿ, ಕೇರಳ ಮೂರೂ ಕಡೆಯ ರಸ್ತೆ ಸೇರುವ ಊರು ಅದು. ಗಿರಾಕಿಗಳಲ್ಲಿ ಚೆಟ್ಟಿಗಳು, ಮಾಪಿಳ್ಳೆಗಳು, ಪಣಿಯರು, ಬಡಗರು ಎಲ್ಲರೂ ಇದ್ದರು. ಬಾಪನ ಕಡದ ಪುಸ್ತಕದಲ್ಲಿ ಕೆಲವು ಹೆಸರುಗಳ ಪಕ್ಕದಲ್ಲಿ "ಸಿಲೋನ್" ಎಂದು ಬರೆದಿರುತ್ತಿತ್ತು. ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ಗುರುತು ಸಿಗಲಿ ಎಂದು. ಆ ಒಂದು ಪದ ಏಕೆ ಬಂತು ಎಂಬುದೇ ಈ ಚರಿತ್ರೆಯ ಮುಖ್ಯ ಭಾಗ.

ಅದಕ್ಕೂ ಮೊದಲಿನ ಒಂದು ಮಾತು. ನೀಲಗಿರಿಯ ಊಟಿ ಪಟ್ಟಣ ಬೆಳೆದದ್ದೇ ಆರೋಗ್ಯದ ಹೆಸರಿನಲ್ಲಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿ ಬಂದ ಮೇಲೆ, ಬಯಲಿನ ಸೆಕೆ ಮತ್ತು ಜ್ವರದಿಂದ ಬಳಲಿದ ಬಿಳಿಯರು ಚೇತರಿಸಿಕೊಳ್ಳಲು ಇಲ್ಲಿಗೆ ಬರತೊಡಗಿದರು. ವೆಲ್ಲಿಂಗ್ಟನ್ನಿನ ಸೈನ್ಯದ ಬ್ಯಾರಕ್‌ಗಳೂ ಸಿಪಾಯಿಗಳು ಗುಣವಾಗಲು ಇರುವ ಜಾಗವಾಗಿಯೇ ಶುರುವಾದವು. ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ದೊರೆಗಳ ಜೊತೆಗೆ ಅಡುಗೆಯವರು, ಆಯಾಗಳು ಬಯಲಿನಿಂದ ಬೆಟ್ಟಕ್ಕೆ ಬಂದರು. ಮಕ್ಕಳನ್ನು ಎತ್ತಿಕೊಂಡದ್ದು, ಕಾಯಿಲೆಯವರ ಪಕ್ಕದಲ್ಲಿ ಕೂತದ್ದು ಅವರು. ಕೆಲವು ಆಯಾಗಳು ಯಜಮಾನರ ಜೊತೆ ಹಡಗಿನಲ್ಲಿ ಇಂಗ್ಲೆಂಡಿಗೂ ಹೋದರು. ಅಲ್ಲಿ ಕೆಲಸ ಮುಗಿದ ಮೇಲೆ ಕೈಬಿಟ್ಟವರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ "ಆಯಾಗಳ ಮನೆ" ಎಂಬ ಒಂದು ಆಶ್ರಯವೇ ಇತ್ತು. 2022ರಲ್ಲಿ ಆ ಕಟ್ಟಡಕ್ಕೆ ನೀಲಿ ನೆನಪಿನ ಫಲಕ ಹಾಕಿದರು. ದೂರದ ಊರಿನ ಹೆಂಗಸೊಬ್ಬಳು ಬೇರೆಯವರ ಮನೆಯಲ್ಲಿ ಇದ್ದು ಅವರ ಮೈ ತೊಳೆದು ಬದುಕುವುದು ಹೊಸದಲ್ಲ ಎಂದು ಹೇಳಲು ಇಷ್ಟು ಬರೆದೆ.

ಈಗ ಸಿಲೋನಿನ ವಿಷಯ. ಬ್ರಿಟಿಷರು ಸಿಲೋನಿನಲ್ಲಿ ಮೊದಲು ಕಾಫಿ, ಆಮೇಲೆ ಚಹಾ ಬೆಳೆಸಿದಾಗ ದುಡಿಯಲು ಹೋದವರು ತಮಿಳುನಾಡಿನ ಬಡವರು. ಕಂಗಾಣಿ ಎಂಬ ಮೇಸ್ತ್ರಿ ಊರಿನಲ್ಲಿ ಮುಂಗಡ ಕೊಟ್ಟು, ಸಾಲದ ಕಟ್ಟಿನಲ್ಲಿ ಅವರನ್ನು ಕರೆದೊಯ್ಯುತ್ತಿದ್ದ. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತರು. ಆದರೆ ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಸಿಲೋನಿನ ಪೌರತ್ವ ಕಾಯಿದೆ ಅವರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. ಅವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಸುಮಾರು 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು ಎಂದಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡು ದೇಶಗಳು ಅರ್ಧರ್ಧ ಹಂಚಿಕೊಂಡವು. ಅಂಗಡಿಯ ಸರಕು ಪಾಲು ಮಾಡಿದ ಹಾಗೆ.

ಹೀಗೆ ಬಂದವರಿಗೆ ಕೆಲಸ ಕೊಡಲು ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟ ಹಾಕಲು ಶುರುಮಾಡಿತು. 1976ರಲ್ಲಿ ಅದು ನಿಗಮವಾಯಿತು. ನಮ್ಮ ಕಡೆ ಎಲ್ಲರೂ "ಟ್ಯಾನ್‌ಟೀ" ಎನ್ನುತ್ತಾರೆ. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಕ್ಯಾಂಪಿಗೆ, ಅಲ್ಲಿಂದ ಬೆಟ್ಟಕ್ಕೆ. ಬಂದವರಿಗೆ ತೋಟದಲ್ಲಿ ಕೆಲಸವೂ ಲೈನ್ ಮನೆಯೂ ಸಿಕ್ಕಿತು. ತೋಟ ಸಿಗದವರು ಸಿಕ್ಕಲ್ಲಿ ನೆಲೆ ನಿಂತರು. ಆದರೆ ಗೂಡಲೂರಿನ ಭೂಮಿಯೇ ತಗಾದೆಯ ಭೂಮಿ. 1969ರ ಜನ್ಮಂ ರದ್ದತಿ ಕಾಯಿದೆಯ ಕೆಳಗೆ ಬಂದ ಜಮೀನಿನ ಎಷ್ಟೋ ಪ್ರಶ್ನೆಗಳು ಕೋರ್ಟು ಅರಣ್ಯ ಎಂದು ಅಲೆಯುತ್ತಲೇ ಇವೆ. ಪಟ್ಟಾ ಇಲ್ಲದ ಮನೆಗೆ ಬ್ಯಾಂಕಿನಲ್ಲಿ ಸಾಲ ಇಲ್ಲ. ಲೈನ್ ಮನೆ ಇರುವುದು ಕೆಲಸ ಇರುವವರೆಗೆ. ನಿವೃತ್ತಿಯಾದ ಮೇಲೆ ಮುದುಕರು ಎಲ್ಲಿ ಹೋಗಬೇಕು?

ಆಮೇಲೆ ಬೆಟ್ಟದ ಲೆಕ್ಕವೇ ತಿರುಗಿತು. 1990ರ ದಶಕದ ಕೊನೆಯಲ್ಲಿ ಚಹಾ ಎಲೆಯ ರೇಟು ಬಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಕುಸಿದು ಮುಚ್ಚಿತು. ಜನಗಣತಿಯಲ್ಲಿ ನೀಲಗಿರಿಯ ಜನಸಂಖ್ಯೆ 2001ರಲ್ಲಿ 7,62,141 ಇದ್ದದ್ದು 2011ರಲ್ಲಿ 7,35,394ಕ್ಕೆ ಇಳಿಯಿತು. ದೇಶವೆಲ್ಲ ಏರುವಾಗ ಇಲ್ಲಿ ಇಳಿಕೆ. 1000 ಗಂಡಸರಿಗೆ 1042 ಹೆಂಗಸರು. ವಯಸ್ಸಿನ ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಎಂದು ಇಳಿದು ಹೋದರು. ಬಾಪನ ಪುಸ್ತಕದಲ್ಲೂ ಇದು ಕಾಣುತ್ತಿತ್ತು. ಅಕ್ಕಿಯ ಸಾಲುಗಳು ಸಣ್ಣದಾದವು, ನೋವಿನ ಎಣ್ಣೆ, ಗ್ಲೂಕೋಸ್ ಬಿಸ್ಕತ್ತು ಹೆಚ್ಚಾದವು. ಮುದುಕರು ಮಾತ್ರ ಉಳಿದ ಮನೆಯ ಸಾಮಾನು ಪಟ್ಟಿ ಅದು.

ಈ ಮನೆಗಳಿಂದಲೇ ಕೆಲವು ಹೆಂಗಸರು ಹೋಮ್ ನರ್ಸ್ ಆಗಿ ಕೇರಳಕ್ಕೆ, ನಮ್ಮ ಮಂಗಳೂರಿಗೆ ಬಂದರು. ನನ್ನ ಅಜ್ಜಿಯನ್ನು ಎರಡು ವರ್ಷ ನೋಡಿಕೊಂಡವರು ಪಂದಲೂರು ಕಡೆಯ ಒಬ್ಬ ಅಕ್ಕ. ಅವರ ತಂದೆ ತಾಯಿ ಸಿಲೋನಿನಿಂದ ಬಂದವರು. ಅಜ್ಜಿಯದ್ದು ಬ್ಯಾರಿ, ಅಕ್ಕನದ್ದು ತಮಿಳು, ನಡುವೆ ಅರ್ಧ ಮಲಯಾಳ. ಹೇಗೋ ಮಾತು ನಡೆಯುತ್ತಿತ್ತು. ಗಂಜಿಯ ವಿಷಯಕ್ಕಂತೂ ಯಾರಿಗೂ ಭಾಷಾಂತರ ಬೇಕಿರಲಿಲ್ಲ. ಅವರ ಅಮ್ಮ ಊರಿನಲ್ಲಿ ಒಬ್ಬರೇ ಇದ್ದರು. ಅಮ್ಮನನ್ನು ನೋಡಿಕೊಳ್ಳಲು ಪಕ್ಕದ ಮನೆಯವಳಿಗೆ ತಿಂಗಳಿಗೆ ಇಷ್ಟು ಎಂದು ಇವರು ದುಡ್ಡು ಕಳಿಸುತ್ತಿದ್ದರು. ನಮ್ಮ ಅಜ್ಜಿಗೆ ಇವರು, ಇವರ ಅಮ್ಮನಿಗೆ ಇನ್ನೊಬ್ಬಳು. ಹೊರಡಬೇಕಾದರೂ ಸುಲಭವಿರಲಿಲ್ಲ. 2009ರಿಂದ ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ಬಂದ್. ಬಿಡುವುದು ಕೆಲವೇ ಬಸ್ಸುಗಳನ್ನು.

ಈ ಕೆಲಸ ಎಂಥದ್ದು ಎಂದು ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನ ಕಣ್ಣಿನಲ್ಲಿ ನೋಡಿದ್ದೇನೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣು ಬೀಳುತ್ತದೆ. ಅಂದರೆ ರಾತ್ರಿಯೂ ಎದ್ದೇಳಬೇಕು. ವರ್ಕ್‌ಶಾಪಿನಲ್ಲಿ 50 ಕಿಲೋ ಎತ್ತಲು ಚೈನ್ ಬ್ಲಾಕ್ ಹುಡುಕುತ್ತೇವೆ. ಇಲ್ಲಿ ಅಷ್ಟೇ ತೂಕದ ಮನುಷ್ಯರನ್ನು ಒಬ್ಬಳು ಹೆಂಗಸು ದಿನಕ್ಕೆ ಹತ್ತು ಸಲ ಎತ್ತಬೇಕು. ಕಾರ್ಖಾನೆಯಲ್ಲಿ ಮೂರು ಶಿಫ್ಟಿಗೆ ಮೂರು ಜನ. ಮನೆಯಲ್ಲಿ ಮೂರು ಶಿಫ್ಟಿಗೂ ಅವಳೊಬ್ಬಳೇ. ಏಜೆನ್ಸಿ ತನ್ನ ಕಮಿಷನ್ ಹಿಡಿದುಕೊಂಡ ಮೇಲೆ ಉಳಿದದ್ದು ಅವಳ ಸಂಬಳ.

ಗಲ್ಫ್ ಕಂಡ ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಹೌಸ್ ಡ್ರೈವರ್ ಆಗಿ, ಅಡುಗೆಯವರಾಗಿ ಕಫೀಲನ ಮನೆಯಲ್ಲಿ ದುಡಿದವರು ನಮ್ಮಲ್ಲಿ ಎಷ್ಟಿಲ್ಲ? ಪಾಸ್‌ಪೋರ್ಟ್ ಅವನ ಕೈಯಲ್ಲಿ, ರಜೆ ಅವನ ಮರ್ಜಿಯಲ್ಲಿ ಎಂದು ನಾವೇ ಹೇಳಿದ್ದೇವೆ. ಸೌದಿ ಅರೇಬಿಯಾ 2013ರಲ್ಲಿ ಮನೆಗೆಲಸದವರಿಗೆ ನಿಯಮ ಮಾಡಿತು. ದಿನಕ್ಕೆ 9 ಗಂಟೆ ವಿಶ್ರಾಂತಿ, ವಾರಕ್ಕೆ ಒಂದು ದಿನ ರಜೆ, ಎರಡು ವರ್ಷಕ್ಕೆ ಒಂದು ತಿಂಗಳ ಸಂಬಳದ ರಜೆ. ಕುವೈತ್ 2015ರಲ್ಲಿ ಕಾಯಿದೆಯನ್ನೇ ತಂದಿತು. ಅಲ್ಲಿ ಅವು ಎಷ್ಟು ಜಾರಿಯಾಗುತ್ತವೆ ಎಂಬುದು ಬೇರೆ ಮಾತು, ಕಾಗದದಲ್ಲಾದರೂ ಇವೆ. ನಮ್ಮ ದೇಶದಲ್ಲಿ? ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು. 2011ರಲ್ಲಿ ಬಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 189ನೇ ಒಡಂಬಡಿಕೆಯನ್ನು ಭಾರತ ಇನ್ನೂ ಅನುಮೋದಿಸಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗೆ ಕಾಯಿದೆ ತರುವ ಬಗ್ಗೆ ಪರಿಶೀಲಿಸಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ಹೊರರಾಜ್ಯದ ಕಾರ್ಮಿಕರಿಗೆಂದು 1979ರಲ್ಲಿ ಬಂದಿದ್ದ ಕಾಯಿದೆ ಐದು ಜನಕ್ಕಿಂತ ಕಡಿಮೆ ಇರುವ ಕಡೆ ನಾಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇರುವವಳು ಒಬ್ಬಳೇ.

ಬೇರೆ ದಾರಿ ಇಲ್ಲವೆಂದಲ್ಲ, ಅದೂ ಗೂಡಲೂರಿನಲ್ಲೇ ಇದೆ. 1990ರಲ್ಲಿ ಶುರುವಾದ ಅಶ್ವಿನಿ ಸಂಸ್ಥೆಯ ಗೂಡಲೂರು ಆದಿವಾಸಿ ಆಸ್ಪತ್ರೆಯಲ್ಲಿ ಹಾಡಿಗಳ ಹುಡುಗಿಯರಿಗೇ ತರಬೇತಿ ಕೊಟ್ಟು ನರ್ಸ್ ಮಾಡಿದರು. ಬೆಟ್ಟ ಇಳಿದರೆ ಮಲಪ್ಪುರಂ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಹುಟ್ಟಿದ ಪಾಲಿಯೇಟಿವ್ ಚಳವಳಿ ಅಲ್ಲಿ ಊರೂರಿಗೆ ಹಬ್ಬಿದೆ. ಅಂಗಡಿಯವರು, ಆಟೋದವರು, ಕಾಲೇಜು ಮಕ್ಕಳು ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಸರದಿಯಲ್ಲಿ ಹೋಗುತ್ತಾರೆ.

ನಮ್ಮ ಜಮಾಅತ್‌ಗಳು ಮದುವೆ ಹಾಲ್ ಕಟ್ಟಿವೆ, ಆಂಬುಲೆನ್ಸ್ ಇಟ್ಟಿವೆ. ವರ್ಷಕ್ಕೆ ಹತ್ತು ಯುವಕ ಯುವತಿಯರಿಗೆ ಮಗ್ಗುಲು ಬದಲಿಸುವುದು, ಹುಣ್ಣು ತೊಳೆಯುವುದು ಕಲಿಸಿದರೆ ಹೋಮ್ ನರ್ಸ್‌ಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಬಹುದು. ಮನೆಯವರು ಮಾಡಬೇಕಾದ್ದು ಇನ್ನೂ ಸುಲಭ. ಸಂಬಳ, ರಜೆ, ರಾತ್ರಿ ನಿದ್ದೆಯ ಹೊತ್ತು, ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಂಬಳ ಅವಳದೇ ಖಾತೆಗೆ ಹೋಗಲಿ. ಮಲಗಲು ಬಾಗಿಲಿರುವ ಕೋಣೆ ಕೊಡಿ. ಅವಳ ಅಮ್ಮನನ್ನು ಊರಿನಲ್ಲಿ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಒಮ್ಮೆ ಕೇಳಿ, ಅಲ್ಲಿಗೆ ಹೋಗಿ ಬರುವ ರಜೆಯನ್ನೂ ಆ ಹಾಳೆಯಲ್ಲೇ ಸೇರಿಸಿ.